ಸ್ಟೋರಿನಲ್ಲಿ ಜಾಗವಿಲ್ಲ

ನಮ್ಮ ಟ್ರಸ್ಟಿಗೆ ಹೊಸದಾಗಿ ಸೇರಿದವರೆಲ್ಲ ಮೊದಲ ವಾರದಲ್ಲೇ ನನ್ನನ್ನು ಹಿಡಿದು ಕೇಳುವ ಪ್ರಶ್ನೆ ಒಂದೇ. "ಆಂಟಿ, ಸ್ಟೋರು ಅರ್ಧ ಖಾಲಿ ಇದೆ. ಆದ್ರೂ ಮನೆಮನೆಗೆ ಹೋಗಿ ಜಾಗ ಇಲ್ಲ, ಜಾಗ ಇಲ್ಲ ಅಂತ ಯಾಕೆ ಸುಳ್ಳು ಹೇಳ್ತೀವಿ?" ನಿವೃತ್ತಳಾದ ಮೇಲೂ ಈ ಪ್ರಶ್ನೆ ಫೋನಿನಲ್ಲಿ ಬೆನ್ನಟ್ಟಿಕೊಂಡು ಬರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ನನ್ನ ಗಂಟಲು ಒಣಗಿದೆ. ಈಗ ಬರೆದೇ ಇಡುತ್ತೇನೆ, ಓದಿಕೊಳ್ಳಿ. ಓದಿದ ಮೇಲೂ ಫೋನ್ ಮಾಡಿದರೆ ಎತ್ತುವುದಿಲ್ಲ.

ನಾನು ನರ್ಸು. ಮೈಸೂರಿನಲ್ಲಿ ಕಲಿತು, ಅಲ್ಲೇ ಕೆಲವು ವರ್ಷ ವಾರ್ಡುಗಳಲ್ಲಿ ಓಡಾಡಿ, ಕಾಲೇಜಿನಲ್ಲಿ ಪಾಠ ಹೇಳುವ ಗಂಡನ ಜೊತೆ ನೈರೋಬಿಗೆ ಬಂದವಳು. ಇಲ್ಲಿಯೂ ಆಸ್ಪತ್ರೆಯಲ್ಲಿ ದುಡಿದು, ರಾತ್ರಿ ಪಾಳಿ ಸಾಕಾಗಿ ಹೈರಿಡ್ಜ್‌ನ ಈ ಸಣ್ಣ ಟ್ರಸ್ಟಿಗೆ ಸೇರಿದೆ. ಟ್ರಸ್ಟಿನ ಕೆಲಸ ನಿಮಗೆ ಗೊತ್ತೇ ಇದೆ. ಕಾಯಿಲೆಯವರಿರುವ ಮನೆಗೆ ಬೇಕಾದ ಸಾಮಾನುಗಳನ್ನು, ಎಂದರೆ ತಲೆಯ ಭಾಗ ಏರಿಸಿ ಇಳಿಸುವ ಮಂಚ, ಗಾಳಿ ತುಂಬುವ ಹಾಸಿಗೆ, ಗಾಲಿಕುರ್ಚಿ, ವಾಕರ್, ಊರುಗೋಲು ಇವನ್ನು ಎರವಲು ಕೊಡುವುದು. ಕಾಯಿಲೆಯವರು ಎದ್ದು ಓಡಾಡಿದ ಮೇಲೆ, ಇಲ್ಲವೇ ತೀರಿಕೊಂಡ ಮೇಲೆ, ವಾಪಸು ತಂದು ತೊಳೆದು ಇನ್ನೊಂದು ಮನೆಗೆ ಒಯ್ಯುವುದು. ನನ್ನ ಪಾಲಿಗೆ ಬಂದದ್ದು ಮನೆಗಳಿಗೆ ಹೋಗಿ ನೋಡುವುದು, ಗಾಯ ತೊಳೆಯುವುದು, ಮಲಗಿದವರ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಕಲಿಸುವುದು. ಯಾವಾಗ ಯಾವ ಹುದ್ದೆ ಕೊಟ್ಟರು ಎಂಬುದನ್ನು ಬರೆಯುವುದಿಲ್ಲ. ಹುದ್ದೆ ಬದಲಾದಾಗಲೆಲ್ಲ ಬದಲಾದದ್ದು ನನ್ನ ಕುತ್ತಿಗೆಯ ಕಾರ್ಡು ಮಾತ್ರ.

ನೈರೋಬಿ ದೊಡ್ಡ ನಗರ ಎನ್ನುತ್ತಾರೆ. ಇರಬಹುದು. ಹೈರಿಡ್ಜ್ ಮಾತ್ರ ಸಣ್ಣ ಊರೇ. ಬೆಳಿಗ್ಗೆ ಬಾಲ್ಕನಿಗೆ ಬಂದು ತುಳಸಿಗೆ ನೀರು ಹಾಕುವ ಅಜ್ಜಿ ಬರಲಿಲ್ಲವೆಂದರೆ ಎದುರು ಕಟ್ಟಡದ ಕಾವಲುಗಾರನಿಗೆ ಮೊದಲು ಗೊತ್ತಾಗುತ್ತದೆ. ಅವನು ತರಕಾರಿಯವಳಿಗೆ ಹೇಳುತ್ತಾನೆ, ಅವಳು ನಮಗೆ ಹೇಳುತ್ತಾಳೆ. ನಮ್ಮ ಸ್ಟೋರು ಒಂದು ಹಳೆಯ ಕಾರ್ ಗ್ಯಾರೇಜು. ದಿನಸಿ ಅಂಗಡಿಯ ಗುಜರಾತಿ ಯಜಮಾನರು ತಮ್ಮ ತಾಯಿ ನಮ್ಮ ಮಂಚದ ಮೇಲೆ ಒಂದು ಮಳೆಗಾಲ ಮಲಗಿ ಎದ್ದ ಮೇಲೆ ಅದನ್ನು ಬಿಟ್ಟುಕೊಟ್ಟರು. ಗಾಲಿಕುರ್ಚಿಯ ಟಯರಿಗೆ ಗಾಳಿ ಹಾಕುವವನು ರಸ್ತೆ ಬದಿಯ ಪಂಕ್ಚರ್ ಅಂಗಡಿಯವನು. ಹರಿದ ಹಾಸಿಗೆ ಹೊಲಿಯುವವನು ಮೂಲೆಯ ದರ್ಜಿ. ದೇವಸ್ಥಾನದ ಅಡುಗೆಮನೆಯಿಂದ ಸಾರು ಅನ್ನ, ಚರ್ಚಿನ ಹೆಂಗಸರಿಂದ ಒಗೆದ ದುಪ್ಪಟಿ. ಇವರಲ್ಲಿ ಯಾರೂ ಟ್ರಸ್ಟಿನ ಸದಸ್ಯರಲ್ಲ. ಸದಸ್ಯರಾಗಿ ಎಂದರೆ "ಅಯ್ಯೋ, ಮೀಟಿಂಗಿಗೆಲ್ಲ ಯಾರು ಬರ್ತಾರೆ" ಎನ್ನುವ ಜನ.

ಲೊರೆಶೋದ ಒಬ್ಬ ಹೆಂಗಸು ತೀರಿಹೋದ ತಾಯಿಯ ಗಾಲಿಕುರ್ಚಿಯನ್ನು ನಮಗೆ ಕೊಟ್ಟರು. ಸೀಟಿನ ಮೇಲೆ ತಾಯಿಯ ಹಳೆಯ ರೇಷ್ಮೆ ಸೀರೆಯಿಂದ ತಾವೇ ಹೊಲಿದ ದಿಂಬು, ಹಸಿರು ಬಣ್ಣ, ಕೆಂಪು ಅಂಚು. ಕುರ್ಚಿ ಯಾರ ಮನೆಗೆ ಹೋಯಿತೆಂದು ನಾವು ಯಾರಿಗೂ ಹೇಳುವುದಿಲ್ಲ. ಅವರು ಅದನ್ನು ಕೇಳಲೂ ಇಲ್ಲ. ಹಬ್ಬ ಬಂದಾಗ ಫೋನ್ ಮಾಡಿ, "ಜಯಾ ಅವ್ರೇ, ನಮ್ಮಮ್ಮನ ಕುರ್ಚಿ ಚೆನ್ನಾಗಿದೆಯಾ?" ಎನ್ನುತ್ತಿದ್ದರು. "ಚೆನ್ನಾಗಿದೆ, ಬಿಸಿಲಲ್ಲಿ ಕೂತಿದೆ" ಎನ್ನುತ್ತಿದ್ದೆ. ಅಷ್ಟು ಕೇಳಿದರೆ ಅವರಿಗೆ ಹಬ್ಬ ಆಗುತ್ತಿತ್ತು.

ನಾನು ಸೇರಿದಾಗ ಸ್ಟೋರಿನ ಯಜಮಾನಿಕೆ ರಾಜಮ್ಮ ಟೀಚರದು. ಹೈರಿಡ್ಜ್‌ನ ಅರ್ಧ ಜನಕ್ಕೆ ಲೆಕ್ಕ ಕಲಿಸಿದವರು, ಟ್ರಸ್ಟನ್ನು ಕಟ್ಟಿದವರೂ ಅವರೇ. ಕೆಲಸದವರೆಲ್ಲ ಸ್ವಾಹಿಲಿಯಲ್ಲಿ ಮ್ವಾಲಿಮು, ಎಂದರೆ ಮೇಷ್ಟರು, ಎಂದೇ ಕರೆಯುತ್ತಿದ್ದರು. ಗಂಟು ಮುಖ, ಸಣ್ಣ ಜಡೆ, ಚಪ್ಪಲಿಯ ಸದ್ದಿಗೇ ನಾವು ನೆಟ್ಟಗೆ ನಿಲ್ಲಬೇಕು. ಮೊದಲ ದಿನ ನಾನು ಯೂನಿಫಾರಂ ಹಾಕಿಕೊಂಡು, ಕೈಯಲ್ಲಿ ಪೆಟ್ಟಿಗೆ ಹಿಡಿದು ಹೋದೆ. ಮೇಲಿಂದ ಕೆಳಗೆ ನೋಡಿ, "ಏನೇ, ಜಪ್ತಿ ಮಾಡೋಕೆ ಹೊರಟಿದೀಯಾ? ಹೋಗಿ ಸೀರೆ ಉಟ್ಕೊಂಡು ಬಾ" ಎಂದರು. ನನಗೆ ಮೈಯೆಲ್ಲ ಉರಿಯಿತು. ಉಟ್ಟುಕೊಂಡು ಬಂದೆ.

ಅವತ್ತು ಹೋದದ್ದು ಕಂಗೇಮಿ ಎಂಬ ಬಡವರ ಬಡಾವಣೆಗೆ, ಮಾಮಾ ನ್ಜೇರಿಯ ಮನೆಗೆ. ಇಲ್ಲಿ ಮಾಮಾ ಎಂದರೆ ಅಮ್ಮ. ಅವಳು ನಮ್ಮ ಅಂಗಡಿ ಸಾಲಿನ ಮುಂದೆ ರಸ್ತೆ ಬದಿಯಲ್ಲಿ ತರಕಾರಿ ಮಾರುವವಳು. ಅವಳ ತಾಯಿ ಸೊಂಟ ಮುರಿದುಕೊಂಡು ತಿಂಗಳುಗಳಿಂದ ಒಳಕೋಣೆಯಲ್ಲೇ ಮಲಗಿದ್ದಾಳೆ ಎಂದು ಕಾವಲುಗಾರ ಹೇಳಿದ್ದ. ಮಟಾಟು, ಎಂದರೆ ಇಲ್ಲಿನ ಬಾಡಿಗೆ ವ್ಯಾನು, ಇಳಿದು ಇಳಿಜಾರಿನ ಕೆಸರು ದಾರಿಯಲ್ಲಿ ಸೀರೆ ಎತ್ತಿ ಹಿಡಿದು ನಡೆದೆವು. ರಾಜಮ್ಮ ಟೀಚರ್ ಒಳಗೆ ಹೋಗಿ ಕೂತು, ಕೊಟ್ಟ ಹಾಲು ಚಹಾವನ್ನು ಪೂರ್ತಿ ಕುಡಿದರು. ಕಾಯಿಲೆಯ ಮಾತೇ ಇಲ್ಲ. ಟೊಮೆಟೊ ಬೆಲೆ, ಮಳೆ, ಮೊಮ್ಮಕ್ಕಳ ಸ್ಕೂಲು. ಆಮೇಲೆ ಕೇಳಿದರು, "ನಿಮ್ಮ ಮನೇಲಿ ಬಿಸಿಲು ಎಲ್ಲಿ ಬೀಳುತ್ತೆ?" ನ್ಜೇರಿ ಅಂಗಳದ ಮೂಲೆ ತೋರಿಸಿದಳು. ಅಮ್ಮ ಅಲ್ಲಿಗೆ ಬರುತ್ತಾರಾ ಎಂದರೆ, ಯಾರು ಹೊತ್ತು ತರುವುದು ಎಂದಳು. ಹೊಸಬರೇ, ಈ ಬಿಸಿಲಿನ ಪ್ರಶ್ನೆಯನ್ನು ನೀವೂ ಕೇಳಿ. ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ, ಯಾರು ಎಷ್ಟು ನಡೆಯುತ್ತಾರೆ ಎಲ್ಲ ಅದರಲ್ಲೇ ಹೊರಬರುತ್ತದೆ. ನಿಮಗೇನು ಬೇಕು ಎಂದು ಕೇಳಿದರೆ ಏನೂ ಬೇಡ ಎನ್ನುತ್ತಾರೆ ಅಷ್ಟೆ.

ಆಮೇಲೆ ರಾಜಮ್ಮ ಟೀಚರ್ ನಿಟ್ಟುಸಿರು ಬಿಟ್ಟರು. "ನಮ್ಮದೊಂದು ತೊಂದರೆ ಇದೆ ನ್ಜೇರಿ. ಸ್ಟೋರಲ್ಲಿ ಜಾಗ ಇಲ್ಲ. ಒಂದು ಗಾಲಿಕುರ್ಚಿ ಇದೆ, ಸುಮ್ಮನೆ ನಿಂತರೆ ತುಕ್ಕು ಹಿಡಿಯುತ್ತೆ. ಸ್ವಲ್ಪ ಕಾಲ ನಿಮ್ಮ ಮನೇಲಿ ಇಟ್ಕೊಂಡು, ಯಾರನ್ನಾದರೂ ಕೂರಿಸಿ ಓಡಾಡಿಸಿದರೆ ನಮಗೆ ದೊಡ್ಡ ಉಪಕಾರ."

ನ್ಜೇರಿ ಬಹಳ ಯೋಚನೆ ಮಾಡುವವಳಂತೆ ಕೆನ್ನೆಗೆ ಕೈ ಕೊಟ್ಟು ಕೂತಳು. "ಎಷ್ಟು ದಿನ ಇಟ್ಟುಕೊಳ್ಳಬೇಕು, ಮ್ವಾಲಿಮು?"

"ಜಾಗ ಆಗೋ ತನಕ."

"ಸವಾ, ಆಗಲಿ. ಇಟ್ಟುಕೊಳ್ಳುತ್ತೇನೆ."

ರೇಷ್ಮೆ ದಿಂಬಿನ ಕುರ್ಚಿ ಹೀಗೆ ಕಂಗೇಮಿಯ ಬಿಸಿಲಿಗೆ ಹೋಯಿತು. ವಾಪಸು ಬರುವಾಗ ಮಟಾಟುವಿನಲ್ಲಿ ನಾನು ತಡೆಯಲಾರದೆ ಕೇಳಿದೆ, ಹೀಗೆ ಬಣ್ಣ ಕಟ್ಟಿ ಸುಳ್ಳು ಹೇಳಬೇಕಾ ಎಂದು. "ನೋಡು ಜಯಾ, ಸಹಾಯ ಬೇಕಾ ಅಂದ್ರೆ ಮರ್ಯಾದೆಸ್ಥರು ಬೇಡ ಅಂತಾರೆ. ಸಹಾಯ ಮಾಡ್ತೀರಾ ಅಂದ್ರೆ ಇಲ್ಲ ಅನ್ನೋಕೆ ನಾಚ್ಕೋತಾರೆ. ಅಷ್ಟೇ ವಿಷಯ. ಈಗ ಸುಮ್ನಿರು, ನನ್ನ ಕಾಲು ನೋಯ್ತಿದೆ" ಎಂದು ಕಿಟಕಿಯ ಕಡೆ ತಿರುಗಿದರು. ನನ್ನ ಇಡೀ ಟ್ರೈನಿಂಗು ಇಷ್ಟೇ.

ಆಮೇಲಿನ ವರ್ಷಗಳಲ್ಲಿ ಆ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿದೆನೋ. ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ ಮಂಚವನ್ನು "ನಿಮ್ಮ ಆಸ್ತಿಯನ್ನು ಕಾಯುತ್ತಿದ್ದೇನೆ" ಎಂದು ಗಂಭೀರವಾಗಿ ಹೇಳಿ, ಅದರ ಮೇಲೆ ಮಲಗಿಯೇ ಸೆಲ್ಯೂಟ್ ಹೊಡೆಯುತ್ತಿದ್ದರು. ಎಡವಟ್ಟುಗಳೂ ಕಡಿಮೆಯಿಲ್ಲ. ಪಾರ್ಕ್‌ಲ್ಯಾಂಡ್ಸ್‌ನ ಒಂದು ಹಳೆಯ ಕಟ್ಟಡದಲ್ಲಿ ಮಂಚ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಎಲ್ಲ ಮನೆಗಳ ಬಾಗಿಲೂ ತೆರೆದುಕೊಂಡು, ಎಡಕ್ಕೆ, ಬಲಕ್ಕೆ, ಓರೆ ಮಾಡಿ ಎಂದು ನಾಲ್ಕೈದು ಭಾಷೆಗಳಲ್ಲಿ ಸಲಹೆ ಸುರಿಯಿತು. ಮೇಲಿನ ಮನೆಯ ಡಾಕ್ಟರು ಆಸ್ಪತ್ರೆಗೆ ಹೊರಟವರು ಮಂಚದ ಕೆಳಗೆ ತೆವಳಿಕೊಂಡೇ ಇಳಿದರು. ಕೊನೆಗೆ ಇಂಡಸ್ಟ್ರಿಯಲ್ ಏರಿಯಾದ ಒಂದು ಕಬ್ಬಿಣದ ಸಾಮಾನಿನ ಕಾರ್ಖಾನೆಯ ಮ್ಯಾನೇಜರು ನಮ್ಮ ಮಂಚಗಳನ್ನೆಲ್ಲ ಲಾರಿಯಲ್ಲಿ ತರಿಸಿಕೊಂಡು, ನಡುವೆ ಕತ್ತರಿಸಿ ಬೋಲ್ಟು ಹಾಕಿಸಿ ಎರಡು ತುಂಡಾಗುವಂತೆ ಮಾಡಿಕೊಟ್ಟರು. ನೀವು ಇಂದು ಸಲೀಸಾಗಿ ಬಿಚ್ಚಿ ಜೋಡಿಸುತ್ತೀರಲ್ಲ, ಅದು ಆ ಮೆಟ್ಟಿಲಿನ ಪುಣ್ಯ.

ಮಂಡಿ ನೋವು ಹೆಚ್ಚಾಗಿ ರಾಜಮ್ಮ ಟೀಚರ್ ಕೆಲಸ ಬಿಟ್ಟರು. ಸ್ಟೋರಿನ ಜವಾಬ್ದಾರಿ ವಂಜಿರು ಎಂಬಾಕೆಗೆ ಬಂತು. ನನ್ನಷ್ಟೇ ವಯಸ್ಸಿನವಳು, ನನಗಿಂತ ದೊಡ್ಡ ಗಂಟಲು. ಟ್ರಸ್ಟಿಗೆ ಹೊಸ ಕಾರ್ಯದರ್ಶಿಯಾಗಿ ಗಿರೀಶ್ ಬಂದ. ಬೆಂಗಳೂರಿನಿಂದ ಬ್ಯಾಂಕಿನ ಕೆಲಸದ ಮೇಲೆ ಬಂದಿದ್ದ ಹುಡುಗ, ನಮ್ಮ ಕನ್ನಡ ಕೂಟದಲ್ಲಿ ಎಲ್ಲದಕ್ಕೂ ಮುಂದು. ಒಳ್ಳೆಯವನು, ಅದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮುಂದೆ ಅವನನ್ನು ಬೈಯುವುದಿದೆ. ವಾಟ್ಸಾಪ್ ಗುಂಪು ಮಾಡಿದವನು ಅವನೇ. ಮೊದಲು ಒಂದು ವಾಕರ್ ಬೇಕೆಂದರೆ ಊರೆಲ್ಲ ಸುತ್ತಬೇಕಿತ್ತು. ಅವನು ಬಂದ ಮೇಲೆ ಬೆಳಿಗ್ಗೆ ಗುಂಪಿನಲ್ಲಿ ಹಾಕಿದರೆ ಮಧ್ಯಾಹ್ನಕ್ಕೆ ಬಾಗಿಲಿಗೆ ಬರುತ್ತಿತ್ತು.

ಆಗ ರಾಜಮ್ಮ ಟೀಚರ ಗಂಡ ರಾಯರಿಗೆ ಲಕ್ವ ಹೊಡೆಯಿತು.

ಎಡಭಾಗ ಬಿದ್ದುಹೋಯಿತು, ಮಾತು ತೊದಲಿತು. ಆಸ್ಪತ್ರೆ ಕೂಡಿಟ್ಟದ್ದನ್ನೆಲ್ಲ ನುಂಗಿ ಮನೆಗೆ ಕಳಿಸಿತು. ನಾನು ನೋಡಲು ಹೋದೆ. ಹಾಲ್‌ನಲ್ಲಿ ನೆಲದ ಮೇಲೆ ಹತ್ತಿಯ ಹಾಸಿಗೆ, ಅದರ ಮೇಲೆ ರಾಯರು. ಮನೆಯ ಮರದ ಮಂಚದಿಂದ ಉರುಳಿ ಬಿದ್ದರಂತೆ, ಅದಕ್ಕೇ ನೆಲ. ಮಗ್ಗುಲು ಬದಲಿಸಲು ಟೀಚರ್ ಮಂಡಿಯೂರಬೇಕು, ಮಂಡಿಯೇ ಇಲ್ಲದವರು. ಮಕ್ಕಳಿಲ್ಲ, ಇನ್ನೊಬ್ಬರ ಕೈ ಇಲ್ಲ. ರಾಯರ ಸೊಂಟದ ಕೆಳಗೆ ಚರ್ಮ ಕೆಂಪಾಗಿ ಸುಲಿಯತೊಡಗಿತ್ತು. ಹಾಸಿಗೆ ಹುಣ್ಣು. ಇದನ್ನು ನೋಡಿದ ನರ್ಸಿಗೆ ನಿದ್ದೆ ಬರುವುದಿಲ್ಲ. ಎತ್ತರದ ಮಂಚ ಬೇಕು, ಗಾಳಿಯ ಹಾಸಿಗೆ ಬೇಕು, ಆಗ ನಿಂತುಕೊಂಡೇ ಹೊರಳಿಸಬಹುದು. ಇಲ್ಲದಿದ್ದರೆ ಆ ಹುಣ್ಣು ಮೂಳೆಗಿಳಿಯುತ್ತದೆ, ನಂಜಾಗುತ್ತದೆ, ಪ್ರಾಣ ತೆಗೆಯುತ್ತದೆ. ಎರಡೂ ಸಾಮಾನು ನಮ್ಮ ಸ್ಟೋರಿನಲ್ಲಿ ಧೂಳು ಹಿಡಿದು ನಿಂತಿದ್ದವು.

ಟೀಚರ್ ಕಾಫಿ ಕೊಟ್ಟರು. ಪೂರ್ತಿ ಕುಡಿದೆ. ಬಿಸಿಲು ಎಲ್ಲಿ ಬೀಳುತ್ತೆ ಎಂದು ಕೇಳಲು ಬಾಯಿ ಬರಲಿಲ್ಲ, ಕಿಟಕಿ ಕಣ್ಣೆದುರಿಗೇ ಇತ್ತು. ನೇರ ವಿಷಯಕ್ಕೆ ಬಂದೆ.

"ಟೀಚರ್, ಸ್ಟೋರಲ್ಲಿ ಜಾಗ ಇಲ್ಲ. ಒಂದು ಮಂಚ..."

ಅವರು ಲೋಟ ಕೆಳಗಿಟ್ಟರು. "ಏನೇ, ನನ್ನ ಸುಳ್ಳನ್ನ ನನಗೇ ಮಾರೋಕೆ ಬಂದೆಯಾ?"

"ಟೀಚರ್, ಅವ್ರ ಬೆನ್ನು ನೋಡಿದೀರಾ?"

"ದಿನಾ ನೋಡ್ತೀನಿ. ನಾನು ಹುಟ್ಟು ಹಾಕಿದ ಸ್ಟೋರಿನ ಮುಂದೆ ನಾನೇ ಕೈ ಚಾಚ್ಲಾ? ಈ ಬೀದೀಲಿ ಯಾರ ಮನೆ ಬಾಗಿಲಿಗೆ ನಾನು ಮಂಚ ಹೊರಿಸಿಕೊಂಡು ಹೋಗಿಲ್ಲ ಹೇಳು. ಅವರೆಲ್ಲ ಬಂದು ಅಯ್ಯೋ ಪಾಪ ಅಂತಾರೆ. ಬೇಡ ಜಯಾ. ನಿನ್ನ ಕೈಯಲ್ಲಾದ್ರೆ ಗಾಯ ತೊಳೆದುಕೊಡು. ಅದು ನೀನು ನನ್ನ ಶಿಷ್ಯೆ ಅಂತ. ಮಂಚದ ಮಾತು ಎತ್ತಬೇಡ."

ಅವರ ಕಣ್ಣಿನಲ್ಲಿ ನೀರಿತ್ತು, ಧ್ವನಿಯಲ್ಲಿ ಇರಲಿಲ್ಲ. ನಾನು ದಿನವೂ ಹೋಗಿ ಗಾಯ ತೊಳೆಯತೊಡಗಿದೆ. ರಾಯರು ಬಲಗೈಯಿಂದ ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದರು, ನೋವಿಗೆ. ಕೂಗುತ್ತಿರಲಿಲ್ಲ, ಹೆಂಡತಿಗೆ ಕೇಳಿಸೀತು ಎಂದು. ನನಗೆ ಆ ಮನೆಯ ಮೆಟ್ಟಿಲು ಇಳಿಯುವಾಗ ಜೀವ ಹಿಂಡುತ್ತಿತ್ತು, ಟೀಚರ ಮೇಲೆ ಕೋಪವೂ ಬರುತ್ತಿತ್ತು.

ಈ ಸಂಕಟವನ್ನು ವಂಜಿರುವಿನ ಹತ್ತಿರ ಹೇಳಿಕೊಳ್ಳುತ್ತಿದ್ದಾಗ ಗಿರೀಶ್ ಅಲ್ಲೇ ಇದ್ದ. "ಆಂಟಿ, ಇಷ್ಟೇನಾ? ನಂಗೆ ಬಿಡಿ, ನಾನು ಹ್ಯಾಂಡಲ್ ಮಾಡ್ತೀನಿ" ಎಂದ. ನಾನು ಬೇಡಪ್ಪಾ ಎಂದೆ. ಅವನು ನಕ್ಕ.

ಮುಂದಿನ ಭಾನುವಾರ ಅವನು ಮಾಡಿದ್ದನ್ನು ನಮ್ಮ ಜನ ಬಿಟ್ಟರೆ ಭೂಮಿಯ ಮೇಲೆ ಇನ್ಯಾರೂ ಮಾಡಲಾರರು. ಸನ್ಮಾನ ಮಾಡಿದ. ಕನ್ನಡ ಕೂಟದ ನಾಲ್ಕಾರು ಜನರನ್ನು ಕಟ್ಟಿಕೊಂಡು, ಶಾಲು, ಹಾರ, ಹಣ್ಣಿನ ಬುಟ್ಟಿ, ರಾಯರಿಗೊಂದು ಮೈಸೂರು ಪೇಟ, ಹಿಂದೆ ಪಿಕಪ್ಪಿನಲ್ಲಿ ಮಂಚ, ಗಾಳಿಯ ಹಾಸಿಗೆ. ಮಂಚಕ್ಕೂ ಒಂದು ರಿಬ್ಬನ್ನು. ಮಾಡುತ್ತಿರುವುದು ಸಹಾಯವಲ್ಲ, ಸಂಸ್ಥಾಪಕಿಗೆ ಗೌರವಾರ್ಪಣೆ ಎಂದು ಅವನ ಲೆಕ್ಕ. ಶಾಲು ಹೊದಿಸಿದರೆ ಮುಜುಗರ ಮುಚ್ಚಿಹೋಗುತ್ತದೆ ಎಂದುಕೊಂಡಿದ್ದ. ಬಾಗಿಲಿಗೆ ಬಂದ ಅತಿಥಿಗಳನ್ನು ಟೀಚರ್ ಹೇಗೆ ಹೊರಗೆ ನಿಲ್ಲಿಸಿಯಾರು? ಒಳಗೆ ಕರೆದರು, ಕಾಫಿ ಮಾಡಿದರು. ಇವರು ಮಂಚ ಜೋಡಿಸಿ ರಾಯರನ್ನು ಎತ್ತಿ ಮಲಗಿಸಿ, ತಲೆಗೆ ಪೇಟ ಇಟ್ಟು, ಟೀಚರಿಗೆ ಶಾಲು ಹೊದಿಸಿ, ಎಲ್ಲರೂ ಮಂಚದ ಸುತ್ತ ನಿಂತು ಫೋಟೋ ತೆಗೆದುಕೊಂಡು ಹೊರಟರು. ಸಂಜೆ ಫೋಟೋ ಗುಂಪಿಗೆ ಬಂತು. ಕೆಳಗೆ ಬರೆದಿತ್ತು: "ಕಷ್ಟದಲ್ಲಿರುವ ನಮ್ಮ ಹೆಮ್ಮೆಯ ಹಿರಿಯರಿಗೆ ನೆರವಿನ ಹಸ್ತ." ಅದರ ಕೆಳಗೆ ಸಾಲುಸಾಲು ಕೈಮುಗಿಯುವ ಚಿತ್ರಗಳು.

ನಾನು ಆ ಫೋಟೋದಲ್ಲಿ ಟೀಚರ ಮುಖ ನೋಡಿದೆ. ಅವರು ಕ್ಯಾಮೆರಾ ನೋಡುತ್ತಿರಲಿಲ್ಲ, ರಾಯರ ತಲೆಯ ಮೇಲಿನ ಪೇಟವನ್ನು ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ವಂಜಿರು ಸ್ಟೋರಿನ ಬೀಗ ತೆಗೆಯಲು ಬಂದರೆ ಬಾಗಿಲಿಗೆ ಆನಿಸಿಕೊಂಡು ಕೈಗಾಡಿಯೊಂದು ನಿಂತಿತ್ತು. ಮೇಲೆ ಎರಡು ತುಂಡಾದ ಮಂಚ, ಗಾಳಿ ತೆಗೆದು ಮಡಿಸಿದ ಹಾಸಿಗೆ, ಶಾಲು, ಪೇಟ, ಹಣ್ಣಿನ ಬುಟ್ಟಿ. ಟೀಚರ್ ಕಾವಲುಗಾರರನ್ನು ಕರೆಸಿ ಹೊರಿಸಿದ್ದರಂತೆ. ನಾನು ಓಡಿ ಮನೆಗೆ ಹೋದೆ. ರಾಯರು ಮತ್ತೆ ನೆಲದ ಮೇಲೆ. ಟೀಚರ್ ಗಾಯದ ಬಟ್ಟೆ ಬಿಚ್ಚಲು ದಾರಿ ಬಿಟ್ಟರು.

ಗಿರೀಶನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. "ಆಂಟಿ, ನಾನು ರೆಸ್ಪೆಕ್ಟಿಂದಾನೇ ಮಾಡಿದ್ದು" ಎಂದ, ಅಳುವುದೊಂದು ಬಾಕಿ. ಗುಂಪಿನಿಂದ ಫೋಟೋ ತೆಗೆಸಿದ. ಆದರೆ ನೋಡಿದ ಕಣ್ಣುಗಳನ್ನು ಯಾರು ತೆಗೆಸುವುದು? ನಮ್ಮ ಊರಿನವರೆಲ್ಲ ಫೋಟೋ ನೋಡಿಯೇ ಇಲ್ಲವೆಂಬಂತೆ ನಡೆದುಕೊಂಡರು. ದಾರಿಯಲ್ಲಿ ಟೀಚರ್ ಸಿಕ್ಕರೆ ಎಲ್ಲರೂ ಹವಾಮಾನದ ಮಾತು. ಅವರ ಅತಿಯಾದ ಸಹಜತೆಯೇ ಟೀಚರಿಗೆ ಮುಳ್ಳಾಯಿತು. ಅವರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಟ್ರಸ್ಟಿನಲ್ಲಿ ಫೋಟೋ ತೆಗೆಯಬಾರದೆಂಬ ನಿಯಮ ಅವತ್ತಿನದು. ಅದನ್ನು ಮುರಿದವರ ಫೋನನ್ನು ವಂಜಿರು ಕಿತ್ತಿಟ್ಟುಕೊಳ್ಳುತ್ತಾಳೆ, ನೆನಪಿರಲಿ.

ಹುಣ್ಣು ಆಳವಾಗುತ್ತಿತ್ತು. ಅಂಚು ಕಪ್ಪಾಗಿತ್ತು, ವಾಸನೆ ಶುರುವಾಗಿತ್ತು. ರಾಯರಿಗೆ ಸಂಜೆಯಾದರೆ ಜ್ವರ. "ಟೀಚರ್, ಇದು ನನ್ನ ಕೈ ಮೀರ್ತಾ ಇದೆ. ನೆಲದ ಮೇಲೆ ಇಟ್ಟುಕೊಂಡು ನಾನು ಏನೇ ಮಾಡಿದ್ರೂ ಒಣಗಲ್ಲ" ಎಂದು ನೇರವಾಗಿ ಹೇಳಿದೆ. ಅವರು ಗೋಡೆಗೆ ಒರಗಿ ಕೂತು, "ಗೊತ್ತು" ಎಂದರು. ಅಷ್ಟೇ. ಅವರಿಗೆ ಗಂಡನ ಮೇಲೆ ಪ್ರೀತಿಯಿರಲಿಲ್ಲ ಎಂದುಕೊಳ್ಳಬೇಡಿ. ರಾತ್ರಿಯೆಲ್ಲ ಕೂತು ಅವರ ಬೆನ್ನಿನ ಕೆಳಗೆ ತಮ್ಮ ಕೈಯನ್ನೇ ಇಟ್ಟುಕೊಂಡಿರುತ್ತಿದ್ದರು, ಒತ್ತು ಬೀಳದಿರಲಿ ಎಂದು. ಜೀವಮಾನವಿಡೀ ಕೊಟ್ಟು ಅಭ್ಯಾಸವಾದ ಕೈ, ತೆಗೆದುಕೊಳ್ಳಲು ಎತ್ತಿದರೆ ಏಳುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ನಾನು ಗಾಯ ತೊಳೆಯುತ್ತಿರುವಾಗ ಬಾಗಿಲಲ್ಲಿ "ಹೋಡಿ" ಎಂದು, ಒಳಗೆ ಬರಲೇ ಎನ್ನುವ ಕೂಗು ಕೇಳಿತು. ಮಾಮಾ ನ್ಜೇರಿ. ಅವಳ ತಾಯಿ ಬಿಸಿಲಲ್ಲಿ ಕೂತು ಕೂತು ಕೊನೆಗೆ ನೆಮ್ಮದಿಯಾಗಿ ಹೋಗಿಬಿಟ್ಟಿದ್ದಳು, ಕುರ್ಚಿ ವಾಪಸು ಬಂದು ಇನ್ನೊಂದು ಮನೆ ಸೇರಿತ್ತು. ಈಗ ಅವಳ ಕೈಯಲ್ಲಿ ದೊಡ್ಡ ಚೀಲ. ಮಾಗಿದ ಬೆಣ್ಣೆಹಣ್ಣು, ಕುಂಬಳದ ಎಳೆ ಸೊಪ್ಪು, ಬಾಳೆಹಣ್ಣು, ಎಲ್ಲ ರಾಯರು ನುಂಗಬಹುದಾದ ಮೆತ್ತಗಿನ ಪದಾರ್ಥಗಳೇ. ಅವರಿಬ್ಬರೂ ಮಾತಾಡಿದ್ದು ಸ್ವಾಹಿಲಿಯಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತೇನೆ.

"ಇದೆಲ್ಲ ಏನು? ನಾನು ತರಕಾರಿ ಹೇಳಿಲ್ಲವಲ್ಲ" ಎಂದರು ಟೀಚರ್.

"ನನ್ನದೊಂದು ತೊಂದರೆ ಇದೆ ಮ್ವಾಲಿಮು" ಎಂದು ನ್ಜೇರಿ ನಿಟ್ಟುಸಿರು ಬಿಟ್ಟಳು. "ಅಂಗಡಿಯಲ್ಲಿ ಜಾಗ ಇಲ್ಲ. ಸುಮ್ಮನೆ ಇಟ್ಟರೆ ಕೊಳೆಯುತ್ತದೆ. ನಿಮ್ಮ ಮನೆಯಲ್ಲಿ ಇಟ್ಟುಕೊಂಡರೆ ನನಗೆ ದೊಡ್ಡ ಉಪಕಾರ."

ನನ್ನ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಂತಿತು. ಟೀಚರ್ ಅವಳನ್ನೇ ನೋಡಿದರು.

"ಈ ಮಾತು ನಿನಗೆ ಯಾರು ಹೇಳಿಕೊಟ್ಟರು?"

"ನೀವೇ. ಚಹಾ ಕುಡಿದ ಮೇಲೆ."

"ಅದು ಸುಳ್ಳು ಅಂತ ನಿನಗೆ ಯಾವಾಗ ಗೊತ್ತಾಯಿತು?"

ನ್ಜೇರಿಗೆ ಪ್ರಶ್ನೆಯೇ ಅರ್ಥವಾಗದಂತಿತ್ತು. "ಮ್ವಾಲಿಮು, ನಾನು ದಿನವಿಡೀ ಕೂತುಕೊಳ್ಳುವುದು ಎಲ್ಲಿ? ನಿಮ್ಮ ಸ್ಟೋರಿನ ಎದುರಿಗೇ. ನಿಮ್ಮದು ಕಂಬಿ ಬಾಗಿಲು. ಒಳಗೆ ಏನಿದೆ ಏನಿಲ್ಲ ನಿಮಗಿಂತ ಮೊದಲು ನಾನು ನೋಡುತ್ತೇನೆ. ನೀವು ನನ್ನ ಮನೆಗೆ ಬಂದ ದಿನ ಒಳಗೆ ಬೆಕ್ಕೊಂದು ಕಾಲು ಚಾಚಿ ಮಲಗಿತ್ತು."

ನಾನು ನಾಲಿಗೆ ಕಚ್ಚಿಕೊಂಡೆ. ಅಷ್ಟು ವರ್ಷ ಆ ಬೀದಿಯಲ್ಲಿ ಓಡಾಡಿಯೂ ಆ ಬಾಗಿಲು ಕಂಬಿಯದು ಎಂಬುದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

"ಗೊತ್ತಿದ್ದೂ ಮತ್ತೆ ಯಾಕೆ ಒಪ್ಪಿಕೊಂಡೆ?" ಟೀಚರ ಧ್ವನಿ ಸಣ್ಣದಾಗಿತ್ತು.

"ಅಮ್ಮನಿಗೆ ಬಿಸಿಲು ಬೇಕಿತ್ತು" ಎಂದಳು ನ್ಜೇರಿ. ಚೀಲ ಎತ್ತಿಕೊಳ್ಳುತ್ತಾ, "ಮತ್ತೆ ನೀವು ಸೀರೆ ಎತ್ತಿಕೊಂಡು ಅಷ್ಟು ಕೆಸರಿನಲ್ಲಿ ಬಂದಿದ್ದಿರಿ. ಬೇಡ ಅಂತ ಹೇಳಿಬಿಡುತ್ತೇನೇನೋ ಎಂದು ಹೆದರಿಕೊಂಡು ಕೂತಿದ್ದಿರಿ. ನಿಮ್ಮ ಮುಖ ನೋಡಿ ಬೇಡ ಅನ್ನಲಾಗಲಿಲ್ಲ" ಎಂದಳು. ಚೀಲವನ್ನು ಅಡುಗೆಮನೆಯಲ್ಲಿ ಇಟ್ಟು, ರಾಯರ ಪಾದ ಮುಟ್ಟಿ ಮಾತಾಡಿಸಿ, ತರಕಾರಿ ಇಟ್ಟುಕೊಂಡದ್ದಕ್ಕೆ ಅಸಾಂಟೆ, ಎಂದರೆ ಧನ್ಯವಾದ, ಹೇಳಿ, ಗಿರಾಕಿಗಳು ಕಾಯುತ್ತಾರೆಂದು ಹೊರಟುಹೋದಳು.

ಟೀಚರ್ ಎದ್ದು ಬೆಣ್ಣೆಹಣ್ಣು ಕೊಯ್ದು ಚಮಚದಲ್ಲಿ ಕಿವುಚಿ ರಾಯರಿಗೆ ತಿನ್ನಿಸಿದರು. ಅರ್ಧ ತಿನ್ನಿಸಿ ಆದ ಮೇಲೆ, ಚಮಚ ಹಿಡಿದುಕೊಂಡೇ ಅತ್ತರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. "ಎಲ್ರಿಗೂ ಗೊತ್ತಿತ್ತೇನೇ ಜಯಾ? ಎಲ್ಲ ಮನೆಯವರಿಗೂ?" ಎಂದರು. "ಇದ್ದಿರಬಹುದು ಟೀಚರ್" ಎಂದೆ. ರಾಯರ ಬಲಗೈ ನನ್ನ ಸೆರಗು ಬಿಟ್ಟು ಹೆಂಡತಿಯ ಸೆರಗು ಹಿಡಿಯಿತು.

ಮರುದಿನ ಬೆಳಿಗ್ಗೆ ನಾನು, ವಂಜಿರು, ಗಿರೀಶ್ ಮೂವರೂ ಸ್ಟೋರಿನಲ್ಲಿದ್ದೆವು. ಆ ಹೊತ್ತಿಗೆ ಬಹಳಷ್ಟು ಸಾಮಾನು ಮನೆಗಳಿಗೆ ಹೋಗಿತ್ತು. ಒಂದು ಗೋಡೆಗೆ ಟೀಚರ್ ಹಿಂದಕ್ಕೆ ಕಳಿಸಿದ ಮಂಚ ಮತ್ತು ಹಾಸಿಗೆ, ಪಕ್ಕದಲ್ಲಿ ಮೂರ್ನಾಲ್ಕು ವಾಕರ್, ಉಳಿದದ್ದೆಲ್ಲ ಬರಿಯ ನೆಲ. ಕೂಗಿದರೆ ಪ್ರತಿಧ್ವನಿ ಬರುವಷ್ಟು ಖಾಲಿ. ಚಪ್ಪಲಿಯ ಸದ್ದು ಕೇಳಿ ನಾವು ನೆಟ್ಟಗೆ ನಿಂತೆವು.

ರಾಜಮ್ಮ ಟೀಚರ್ ಕೋಲೂರಿಕೊಂಡು ಕಂಬಿ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಸೀರೆ, ಬಿಗಿಯಾದ ಜಡೆ. ಒಳಗೆಲ್ಲ ಒಮ್ಮೆ ಕಣ್ಣಾಡಿಸಿದರು.

"ಏನೇ ಜಯಾ, ನಿಮ್ಮ ಸ್ಟೋರಲ್ಲಿ ಜಾಗ ಇಲ್ಲವಂತೆ."

ಗಿರೀಶ್ ತಲೆ ಎತ್ತಿ, "ಇಲ್ಲ ಮೇಡಂ, ಆ್ಯಕ್ಚುವಲಿ..." ಎಂದು ಬಾಯಿ ತೆರೆದ. ವಂಜಿರುವಿಗೆ ಕನ್ನಡ ಬಾರದು. ಆದರೂ ಅವಳು ಅವನ ಕಾಲಿನ ಮೇಲೆ ತನ್ನ ಬೂಟು ಇಟ್ಟಳು.

"ಇಲ್ಲ ಟೀಚರ್" ಎಂದೆ ನಾನು. "ಕಾಲಿಡೋಕೂ ಜಾಗ ಇಲ್ಲ."

"ನಮ್ಮ ಹಾಲ್ ಖಾಲಿ ಬಿದ್ದಿದೆ. ಬೇಕಾದ್ರೆ ಒಂದು ಮಂಚ ಇಟ್ಕೋತೀನಿ. ಜಾಗ ಆದಾಗ ತಗೊಂಡು ಹೋಗಿ."

"ದೊಡ್ಡ ಉಪಕಾರ ಆಯ್ತು ಟೀಚರ್" ಎಂದೆ.

ಗಿರೀಶ್ ಮಂಚದ ಒಂದು ತುಂಡು ಹೊತ್ತ, ಕಾವಲುಗಾರ ಇನ್ನೊಂದು. ಹಾಸಿಗೆ ನನ್ನ ತೋಳಿನಲ್ಲಿ. ಹೊರಡುವ ಮುಂಚೆ ಗಿರೀಶ್ ಮಂಚದ ಕಾಲಿಗೆ ಅಂಟಿಕೊಂಡಿದ್ದ ರಿಬ್ಬನ್ನಿನ ಚೂರನ್ನು ಯಾರಿಗೂ ಕಾಣದಂತೆ ಕಿತ್ತು ಜೇಬಿಗೆ ಹಾಕಿಕೊಂಡ. ರಸ್ತೆ ದಾಟುವಾಗ ನ್ಜೇರಿ ತನ್ನ ತರಕಾರಿಯ ಹಿಂದಿನಿಂದ ಕೂಗಿ ಕೇಳಿದಳು, ಮಂಚ ಎಲ್ಲಿಗೆ ಎಂದು.

ರಾಜಮ್ಮ ಟೀಚರ್ ನಿಂತರು. "ಇವರಿಗೆ ಜಾಗ ಇಲ್ಲವಂತೆ, ಪಾಪ. ನಾನು ಇಟ್ಟುಕೊಳ್ಳುತ್ತಿದ್ದೇನೆ" ಎಂದರು, ಇಡೀ ಬೀದಿಗೆ ಕೇಳುವ ಹಾಗೆ.

ನ್ಜೇರಿ ನಮ್ಮ ಹಿಂದೆ ತೆರೆದೇ ಇದ್ದ ಖಾಲಿ ಸ್ಟೋರನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಸಾವಿನ ಮನೆಯಲ್ಲಿ ಹೇಳುವಷ್ಟು ಮರುಕದಿಂದ, "ಪೋಲೆ ಸಾನಾ" ಎಂದಳು. ನಿಮ್ಮ ಕಷ್ಟಕ್ಕೆ ಬಹಳ ವಿಷಾದ ಎಂದು. ದರ್ಜಿಯೂ ಪಂಕ್ಚರ್ ಅಂಗಡಿಯವನೂ ಗಂಭೀರವಾಗಿ ತಲೆಯಾಡಿಸಿದರು.

ರಾಯರ ಹುಣ್ಣು ಒಣಗಲು ಬಹಳ ಕಾಲ ಹಿಡಿಯಿತು, ಆದರೆ ಒಣಗಿತು. ಈಗ ಅವರನ್ನು ಒರಗಿಸಿ ಕೂರಿಸಿದರೆ ಕಿಟಕಿಯಿಂದ ಬೀದಿ ನೋಡುತ್ತಾರೆ, ಬಿಸಿಲು ನೇರ ಮಡಿಲಿಗೇ ಬೀಳುತ್ತದೆ. ಮಂಚ ಇನ್ನೂ ಅಲ್ಲೇ ಇದೆ. ಹೊಸಬರೇ, ನಿಮ್ಮ ಪಾಳಿ ಬಂದಾಗ ಆ ಮನೆಗೂ ಹೋಗುತ್ತೀರಿ. ಕಾಫಿ ಪೂರ್ತಿ ಕುಡಿಯಿರಿ. ಮಂಚ ಹೇಗಿದೆ ಎಂದು ಕೇಳಿ, ಮಲಗಿದವರು ಹೇಗಿದ್ದಾರೆಂದು ಆಮೇಲೆ ಕೇಳಿ. ಏಳುವಾಗ, ನಮ್ಮ ಸಾಮಾನನ್ನು ಇಷ್ಟು ಕಾಲ ಜೋಪಾನ ಮಾಡಿದ್ದಕ್ಕೆ ರಾಜಮ್ಮ ಟೀಚರಿಗೆ ಮರೆಯದೆ ಅಸಾಂಟೆ ಹೇಳಿ ಬನ್ನಿ.